ಸಾಮಂತರ ಅಕ್ಕಿ ಲೆಕ್ಕ

ಯುದ್ಧದ ಆಟ ಅಂತ ಕರೆದು ಕೂರಿಸಿ, ಕೈಗೆ ಖರ್ಚುವೆಚ್ಚದ ಪುಸ್ತಕ ಕೊಡುವ ವಿಡಿಯೋ ಗೇಮ್ ಒಂದಿದೆ. ಹೆಸರು ‘ನೊಬುನಾಗಾಸ್ ಆಂಬಿಷನ್’. 1983ರಲ್ಲಿ ಜಪಾನಿನ ಕೋಯಿ ಕಂಪನಿ ಹೊರತಂದದ್ದು. ಹೆಸರಿನಲ್ಲಿರುವ ಒಡಾ ನೊಬುನಾಗ 16ನೇ ಶತಮಾನದಲ್ಲಿ ನಿಜವಾಗಿ ಬಾಳಿದ ಸಾಮಂತ. ಆಗ ಜಪಾನಿನಲ್ಲಿ ಚಕ್ರವರ್ತಿ ಇದ್ದ, ಅವನ ಹೆಸರಿನಲ್ಲಿ ಆಳಬೇಕಾದ ಶೋಗನ್ ಇದ್ದ, ಆದರೆ ಅವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಸೀಮೆಗೊಬ್ಬ ಡೈಮ್ಯೋ, ಅಂದರೆ ಸಾಮಂತ, ಅವನಿಗೊಂದು ಕೋಟೆ, ಪಕ್ಕದವನ ಮೇಲೆ ಸದಾ ಒಂದು ಕಣ್ಣು.

ನಮ್ಮ ತಾಳಿಕೋಟೆ ಯುದ್ಧಕ್ಕೆ ಐದು ವರ್ಷ ಮೊದಲು, 1560ರಲ್ಲಿ, ಈ ನೊಬುನಾಗ ಒಕೆಹಜಾಮಾ ಎಂಬಲ್ಲಿ ತನಗಿಂತ ಎಷ್ಟೋ ಪಟ್ಟು ದೊಡ್ಡ ಸೈನ್ಯದ ಮೇಲೆ ಮಳೆಗಾಳಿ ನಿಲ್ಲುತ್ತಿದ್ದ ಹಾಗೆ ಮುಗಿಬಿದ್ದ. ಎದುರಾಳಿ ಇಮಾಗಾವಾ ಯೋಶಿಮೊಟೊನ ತಲೆಯೇ ಹೋಯಿತು. ಇಂಥ ಕಥೆ ಓದಿಕೊಂಡು ಹುರುಪಿನಿಂದ ಆಟಕ್ಕೆ ಕೂತರೆ ಪರದೆ ಮೇಲೆ ಏನು ಬರುತ್ತೆ ಗೊತ್ತಾ? ಚಿನ್ನ ಎಷ್ಟು, ಸಾಲ ಎಷ್ಟು, ಅಕ್ಕಿ ಎಷ್ಟು, ಫಸಲು ಎಷ್ಟು, ಒಡ್ಡು ಗಟ್ಟಿ ಇದೆಯಾ, ರೈತರು ಸಮಾಧಾನವಾಗಿದ್ದಾರಾ. ಎಲ್ಲವೂ ಅಂಕಿಗಳು. ನಾನು ಆಡುವುದು ನಿಂಟೆಂಡೊ ಗೇಮ್ ಯಂತ್ರಕ್ಕೆ ಬಂದ ಹಳೆಯ ಆವೃತ್ತಿ. ಒಂದು ರಾತ್ರಿ ಹೆಂಡತಿ ಹಿಂದಿನಿಂದ ಇಣುಕಿ ನೋಡಿ, “ಆಟ ಆಡ್ತಿದ್ದೀರಾ, ಇನ್‌ಕಮ್ ಟ್ಯಾಕ್ಸ್ ತುಂಬ್ತಿದ್ದೀರಾ?” ಅಂತ ಕೇಳಿದಳು. ನ್ಯಾಯವಾದ ಪ್ರಶ್ನೆಯೇ.

ಶುರುವಿನಲ್ಲಿ ಮಾತ್ರ ಸ್ವಲ್ಪ ತಮಾಷೆ ಇದೆ. ನಮ್ಮ ಸಾಮಂತನ ಆರೋಗ್ಯ, ಛಲ, ಅದೃಷ್ಟ, ಆಕರ್ಷಣೆ, ಬುದ್ಧಿ ಇವಕ್ಕೆಲ್ಲ ಅಂಕಿಗಳು ಗಿರಗಿರ ತಿರುಗುತ್ತವೆ. ಗುಂಡಿ ಒತ್ತಿ ನಿಲ್ಲಿಸಬೇಕು. ಬಂದದ್ದು ಹಿಡಿಸದಿದ್ದರೆ ಮತ್ತೆ ತಿರುಗಿಸಬಹುದು. ಸಂಬಂಧ ಕೂಡಿಬರಲಿ ಅಂತ ಜಾತಕ ತಿದ್ದಿಸುವವರ ಹಾಗೆ ನಾನು ಇಲ್ಲಿ ತುಂಬಾ ಹೊತ್ತು ಕಳೆಯುತ್ತೇನೆ. ಆರೋಗ್ಯ ಕಮ್ಮಿ ಬಂದರೆ ಕಷ್ಟ. ಅರ್ಧ ಜಪಾನ್ ಗೆದ್ದ ಮೇಲೆ ದೊರೆ ಕಾಯಿಲೆ ಬಿದ್ದು ಸತ್ತರೆ ಯಾರಿಗೆ ದೂರು ಕೊಡೋಣ?

ಆಮೇಲೆ ಕಾಲಚಕ್ರ. ಒಂದು ಸರದಿ ಅಂದರೆ ಒಂದು ಋತು. ಒಂದು ಸೀಮೆಗೆ ಒಂದು ಋತುವಿನಲ್ಲಿ ಒಂದೇ ಅಪ್ಪಣೆ. ಇದೊಂದು ನಿಯಮದಲ್ಲೇ ಇಡೀ ಆಟ ಅಡಗಿದೆ ಅಂತ ನನ್ನ ಲೆಕ್ಕ. ಗದ್ದೆ ಹೆಚ್ಚಿಸಿದರೆ ಒಡ್ಡು ಕಟ್ಟುವ ಹಾಗಿಲ್ಲ. ಒಡ್ಡು ಕಟ್ಟಿದರೆ ಸೈನಿಕರ ತಾಲೀಮು ಮುಂದಕ್ಕೆ ಹೋಯಿತು. ತಾಲೀಮಿಗೆ ಇಳಿದಿರೋ, ಬಿರುಗಾಳಿ ಬಂದು ಫಸಲು ಕೊಚ್ಚಿಕೊಂಡು ಹೋಗುತ್ತೆ. ಕಂದಾಯ ಏರಿಸಿದರೆ ರೈತರು ದಂಗೆ ಎದ್ದಾರು, ಇಳಿಸಿದರೆ ಸೈನಿಕರಿಗೆ ಕೂಳಿಲ್ಲ. ಶರತ್ಕಾಲದ ಸುಗ್ಗಿ ಬರುವ ತನಕ ಕಣಜದ ಕಡೆ ನೋಡುತ್ತಾ ಕೂರಬೇಕು. ರೈತರ ಕೋಪ ಇಳಿಸುವುದಕ್ಕೂ ಅಕ್ಕಿ ಹಂಚಬೇಕು, ಸೈನಿಕರ ಮನಸ್ಸು ಗೆಲ್ಲುವುದಕ್ಕೂ ಅದೇ ಅಕ್ಕಿ.

ಒಡ್ಡಿನ ವಿಷಯ ಸುಮ್ನೆ ಸೇರಿಸಿದ್ದಲ್ಲ. ನೊಬುನಾಗನಿಗೆ ನಡುಕ ಹುಟ್ಟಿಸಿದ್ದ ಟಕೆಡಾ ಶಿಂಗೆನ್ ಕುದುರೆ ಸೈನ್ಯಕ್ಕೆ ಹೆಸರಾದವನು. ಆದರೆ ಅವನು ಆಳುತ್ತಿದ್ದ ‘ಕೈ’ ಎಂಬ ಸೀಮೆಯಲ್ಲಿ, ಅಂದರೆ ಈಗಿನ ಯಮಾನಾಶಿಯಲ್ಲಿ, ಕಮಾನಾಶಿ ಹೊಳೆ ಉಕ್ಕಿ ಗದ್ದೆ ನುಂಗುತ್ತಿತ್ತು. ಅವನು ಕಟ್ಟಿಸಿದ ಒಡ್ಡನ್ನು ಇವತ್ತಿಗೂ ಶಿಂಗೆನ್ ಒಡ್ಡು ಅಂತಲೇ ಕರೆಯುತ್ತಾರೆ. ಅವನು 1573ರಲ್ಲಿ ತೀರಿಕೊಂಡ. ಎರಡು ವರ್ಷಕ್ಕೆ ನಾಗಾಶಿನೋದಲ್ಲಿ ನೊಬುನಾಗನ ಬಂದೂಕುಗಳ ಎದುರು ಅವನ ಮಗನ ಸೈನ್ಯ ನೆಲಕಚ್ಚಿತು. ಒಡ್ಡು ಉಳಿಯಿತು.

ಯುದ್ಧ ಇಲ್ಲವೇ ಇಲ್ಲ ಅಂತಲ್ಲ. ಷಟ್ಕೋನದ ಮನೆಗಳ ಮೇಲೆ ದಂಡು ಸರಿಸುತ್ತಾ ಹೋಗಬೇಕು. ಅಲ್ಲೂ ಬಿಡದ ಪೀಡೆ ಒಂದಿದೆ: ದಂಡಿನ ಜೊತೆ ಎಷ್ಟು ಅಕ್ಕಿ ಕಟ್ಟಿಕೊಂಡು ಹೋಗುವುದು? ಕೋಟೆಯೊಳಗಿನವನು ಹೊರಗೆ ಬರದೆ ದಿನ ತಳ್ಳುತ್ತಾನೆ. ಹೊರಗಿರುವ ನಮ್ಮ ಸಾವಿರಾರು ಬಾಯಿಗಳು ದಿನಾ ತಿನ್ನುತ್ತವೆ. ಮೂಟೆ ಖಾಲಿಯಾದರೆ ಕತ್ತಿ ಎಷ್ಟೇ ಹರಿತ ಇರಲಿ, ಸೋತ ಹಾಗೇ. ಜಾಸ್ತಿ ಹೊತ್ತುಕೊಂಡು ಹೋದರೆ ಊರಲ್ಲಿ ಉಳಿದವರಿಗೆ ಕಮ್ಮಿ. ಇನ್ನು ನಿಂಜಾ ಕಳಿಸುವುದು, ಹಣ ಕೊಟ್ಟು ಒಪ್ಪಂದ ಮಾಡಿಕೊಳ್ಳುವುದು, ಹೆಣ್ಣು ತಂದು ನಂಟು ಬೆಳೆಸುವುದು ಇವೆಲ್ಲ ಇವೆ. ನನಗೆ ಅವುಗಳ ಮೇಲೆ ನಂಬಿಕೆ ಸಾಲದು.

ಆರಿಸಿಕೊಂಡ ನಕ್ಷೆಗೆ ತಕ್ಕ ಹಾಗೆ ಹದಿನೇಳು ಸೀಮೆ ಅಥವಾ ಐವತ್ತು ಸೀಮೆ ಒಂದುಗೂಡಿಸಿದರೆ ಆಟ ಮುಗಿಯಿತು. ನಿಜವಾದ ನೊಬುನಾಗನಿಗೆ ಆ ಭಾಗ್ಯ ಇರಲಿಲ್ಲ. 1582ರಲ್ಲಿ ಕ್ಯೋಟೋದ ಹೊನ್ನೋಜಿ ಗುಡಿಯಲ್ಲಿ ತಂಗಿದ್ದಾಗ ತನ್ನದೇ ಸರದಾರ ಅಕೆಚಿ ಮಿತ್ಸುಹಿಡೆ ಮುತ್ತಿಗೆ ಹಾಕಿ ಕಥೆ ಮುಗಿಸಿದ. ಆಮೇಲೆ ಅವನ ಇನ್ನೊಬ್ಬ ಸರದಾರ ಹಿಡೆಯೋಶಿ ಬಂದ, ಅವನ ನಂತರ ಟೊಕುಗಾವಾ ಇಯೆಯಾಸು. ಜಪಾನ್ ಎಂಬ ಕಡುಬಿಗೆ ನೊಬುನಾಗ ಕುಟ್ಟಿದ, ಹಿಡೆಯೋಶಿ ನಾದಿದ, ಕೂತಲ್ಲೇ ಕೂತು ಕಡುಬು ತಿಂದವನು ಟೊಕುಗಾವಾ ಎಂಬ ಅರ್ಥದ ಕುಹಕದ ಪದ್ಯವೊಂದು ಜಪಾನಿನಲ್ಲಿದೆ. ಅದೂ ಅಕ್ಕಿಯ ಕಡುಬೇ! ಈ ಪದ್ಯ ಓದಿದ ಮೇಲೆ ನಾನು ಇಯೆಯಾಸುವನ್ನೇ ಆರಿಸಿಕೊಂಡು, ಯಾರ ತಂಟೆಗೂ ಹೋಗದೆ ಗದ್ದೆ ನೋಡಿಕೊಂಡು ಇರುತ್ತೇನೆ. ಅಕ್ಕಪಕ್ಕದವರು ಬಿಡಬೇಕಲ್ಲ.

ಇಷ್ಟೆಲ್ಲ ಗದ್ದಲದಲ್ಲಿ ನೆಮ್ಮದಿಯಾಗಿರುವವನು ಒಬ್ಬನೇ, ಆಟದೊಳಗಿನ ವ್ಯಾಪಾರಿ. ಸುಗ್ಗಿಯಲ್ಲಿ ಅಕ್ಕಿ ಕೊಳ್ಳುತ್ತಾನೆ, ಬರಗಾಲದಲ್ಲಿ ಮಾರುತ್ತಾನೆ, ಬಡ್ಡಿಗೆ ಸಾಲ ಕೊಡುತ್ತಾನೆ. ಅವನ ಮೇಲೆ ದಂಡೆತ್ತಿ ಹೋಗುವ ಅಪ್ಪಣೆ ಪಟ್ಟಿಯಲ್ಲೇ ಇಲ್ಲ. ನೊಬುನಾಗನಿಗೂ ಇದು ಗೊತ್ತಿದ್ದಿರಬೇಕು. ಅವನ ಹಳದಿ ಬಾವುಟದ ಮೇಲಿದ್ದದ್ದು ಮೂರು ತಾಮ್ರದ ನಾಣ್ಯಗಳ ಚಿತ್ರ. ಪೇಟೆಗಳಲ್ಲಿ ವರ್ತಕ ಸಂಘಗಳ ಹಿಡಿತ ಸಡಿಲಿಸಿ, ಯಾರು ಬೇಕಾದರೂ ಬಂದು ಮಾರಬಹುದು ಅಂತ ಸಾರಿದವನು ಅವನು.

ಈ ಆಟ ಬರೆದ ಎರಿಕಾವಾ ಯೋಯಿಚಿ ಕೂಡ ವ್ಯಾಪಾರದ ಮನೆಯವರು. ಅಶಿಕಾಗಾ ಎಂಬ ನೇಯ್ಗೆಯ ಊರಲ್ಲಿ ಬಣ್ಣದ ವ್ಯಾಪಾರ. ಅದು ನೆಲಕಚ್ಚಿದ ಕಾಲಕ್ಕೆ ಹೆಂಡತಿ ಅವರ ಹುಟ್ಟುಹಬ್ಬಕ್ಕೆ ಒಂದು ಕಂಪ್ಯೂಟರ್ ತೆಗೆದುಕೊಟ್ಟರು. ಅದರಲ್ಲಿ ಹಣಕಾಸು, ದಾಸ್ತಾನು ಲೆಕ್ಕದ ಪ್ರೋಗ್ರಾಮ್ ಬರೆಯುತ್ತಾ, ಬಿಡುವಿನಲ್ಲಿ ಆಟ ಬರೆದರು. ಆಟಗಳ ಮೇಲೆ ಅವರು ಹಾಕಿಕೊಳ್ಳುವ ಹೆಸರು ಕೋ ಶಿಬುಸಾವಾ. ಶಿಬುಸಾವಾ ಎಐಚಿ ಎಂಬ ಬ್ಯಾಂಕರ್‌ನಿಂದ ಎರವಲು ತಂದದ್ದು. ಆ ಬ್ಯಾಂಕರ್ ಮುಖವೇ 2024ರ ಜುಲೈಯಿಂದ ಜಪಾನಿನ 10,000 ಯೆನ್ ನೋಟಿನ ಮೇಲಿದೆ. ಈಗ ಬರುತ್ತಿರುವ ಹೊಸ ನೋಟುಗಳಲ್ಲಿ ಸಾಮಂತನೊಬ್ಬನೂ ಇಲ್ಲ.