ಐದು ಸ್ಟಾರ್ ಕಾರು, ಬಕಲ್‌ನಲ್ಲಿ ಕ್ಲಿಪ್ಪು

ಕಬ್ಬಿನ ಬಿಲ್ಲು ಕೈಗೆ ಬಂದ ವಾರದಲ್ಲೇ ಮುಧೋಳದ ನಮ್ಮ ಕಾಕಾ ಹೊಸ ಕಾರು ತಂದರು. ಕಾರು ಸಣ್ಣದು, ಆದರೆ ಸುರಕ್ಷತೆಯ ಪರೀಕ್ಷೆಯಲ್ಲಿ ಐದಕ್ಕೆ ಐದು ಸ್ಟಾರ್. ನೋಡಲು ಬಂದವರಿಗೆಲ್ಲ ಮೈಲೇಜಿಗಿಂತ ಮೊದಲು ಸ್ಟಾರ್ ಲೆಕ್ಕವೇ. ಎಷ್ಟೆಂದರೂ 2014ರಲ್ಲಿ ಕಾರುಗಳ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯವರು ನಮ್ಮ ದೇಶದ ಐದು ಸಣ್ಣ ಕಾರುಗಳನ್ನು ಗುದ್ದಿಸಿ ನೋಡಿದಾಗ ಐದಕ್ಕೂ ಸಿಕ್ಕಿದ್ದು ಸೊನ್ನೆ. ಈಗ ನಮ್ಮದೇ ಭಾರತ್ ಎನ್‌ಕ್ಯಾಪ್ ಬಂದಿದೆ, 2023ರ ಅಕ್ಟೋಬರ್‌ನಿಂದ. ಕಾಕಾನ ಎದೆ ಉಬ್ಬಿದ್ದು ತಪ್ಪಲ್ಲ.

ತಪ್ಪು ಶುರುವಾಗಿದ್ದು ಮಾರನೇ ದಿನ. ಬೆಲ್ಟ್ ಹಾಕದಿದ್ದರೆ ಕಾರು ಕುಂಯ್ ಕುಂಯ್ ಅನ್ನುತ್ತಿತ್ತು. ಕಾಕಾಗೆ ತಲೆ ಚಿಟ್ಟು ಹಿಡಿಯಿತು. ಅಂಗಡಿಗೆ ಹೋಗಿ ಒಂದು ಕ್ಲಿಪ್ ತಂದು ಬೆಲ್ಟ್ ಸಿಕ್ಕಿಸುವ ಬಕಲ್‌ಗೆ ಸಿಕ್ಕಿಸಿದರು, ಬೆಲ್ಟೇ ಹಾಕಿದ್ದಾರೆ ಅಂದುಕೊಂಡು ಕಾರು ಗಪ್ಪಾಯಿತು. 2023ರ ಮೇನಲ್ಲೇ ಗ್ರಾಹಕ ರಕ್ಷಣಾ ಪ್ರಾಧಿಕಾರ ಈ ಕ್ಲಿಪ್ ಮಾರಬೇಡಿ ಎಂದು ಐದು ಆನ್‌ಲೈನ್ ಕಂಪನಿಗಳಿಗೆ ಆದೇಶ ಕೊಟ್ಟಿತ್ತು. ಕೆಲವರು ಇದನ್ನು ಬಾಟಲಿ ಮುಚ್ಚಳ ತೆಗೆಯುವ ಸಾಧನ ಅಂತ ಮಾರುತ್ತಿದ್ದರಂತೆ! ಸೀಟ್ ಬೆಲ್ಟ್ ತಪ್ಪಿಸಲು ಬಾಟಲಿಯ ನೆಪ. ಇಂಥ ಬುದ್ಧಿ ಬೇರೆ ಯಾವ ದೇಶದಲ್ಲಿದೆ ಹೇಳಿ?

ಸ್ಟಾರ್ ಬಂದ ಬಗೆ ಸ್ವಲ್ಪ ನೋಡಿ. ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಕಾರಿನ ಮೂತಿಯ 40 ಪರ್ಸೆಂಟ್ ಭಾಗವನ್ನು ಅಲ್ಯೂಮಿನಿಯಂ ಜೇನುಗೂಡಿನಂಥ ತಡೆಗೆ ಗುದ್ದಿಸುತ್ತಾರೆ. ಮುಂದಿನ ಸೀಟಿನಲ್ಲಿ ಮನುಷ್ಯರ ಬದಲು ಎರಡು ದೊಡ್ಡ ಡಮ್ಮಿ ಗೊಂಬೆ. ಹಿಂದೆ ಒಂದೂವರೆ ವರ್ಷದ್ದೊಂದು, ಮೂರು ವರ್ಷದ್ದೊಂದು, ಮಕ್ಕಳ ಸೀಟಿನಲ್ಲಿ. ನಾಲ್ಕೂ ಬಿಗಿದುಕೊಂಡು ಕೂತಿರುತ್ತವೆ, ಒಂದೂ ‘ಹೊಟ್ಟಿಗೆ ಒತ್ತತೈತಿ’ ಅನ್ನುವುದಿಲ್ಲ. ಸ್ಟಾರ್ ಸಿಕ್ಕಿದ್ದು ಈ ಬುದ್ಧಿವಂತರು ಕೂತ ಕಾರಿಗೆ. ಕಾಕಾನ ಕಾರಿನಲ್ಲಿ ಕೂರುವವರು ನಾವು.

ಭಾರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೊರಟಾಗ ಲೆಕ್ಕ ಹಾಕಿದೆ. ಒಳಗೆ ಎಂಟು ಜನ, ಒಂದು ಬುತ್ತಿ ಗಂಟು. ಮುಂದಿನ ಸೀಟಿನಲ್ಲಿ ಕಾಕೂ, ತೊಡೆಯ ಮೇಲೆ ಮೊಮ್ಮಗ. ಡಿಕ್ಕಿ ಹೊಡೆದ ಕ್ಷಣ 10 ಕೆಜಿ ಕೂಸು ಒಂದು ಕ್ವಿಂಟಲ್ ಮೀರಿದ ಜೋಳದ ಚೀಲವಾಗುತ್ತದೆ, ಯಾರ ತೋಳೂ ತಡೆಯುವುದಿಲ್ಲ. ಮೇಲಾಗಿ ಎದುರಿಗೇ ಏರ್‌ಬ್ಯಾಗ್. ಅದು ಉಬ್ಬುವುದು ಕಣ್ಣು ಮಿಟುಕಿಸುವುದರೊಳಗೆ, ಅದೂ ಬೆಲ್ಟ್ ಹಾಕಿ ಹಿಂದೆ ಸರಿದು ಕೂತವರಿಗಾಗಿ ಮಾಡಿದ್ದು.

ಇನ್ನು ಕಾರಿನ ಮೂತಿಗೆ ಕಾಕಾ ಹಾಕಿಸಿದ್ದ ಕಬ್ಬಿಣದ ಗಾರ್ಡ್. ಅದನ್ನು ಹಾಕಬಾರದು ಎಂದು ಕೇಂದ್ರ ಸಾರಿಗೆ ಇಲಾಖೆ ಹೇಳಿದ್ದು 2017ರಲ್ಲಿ. ಮೂತಿ ಮುದುಡಿ ಪೆಟ್ಟು ತಿನ್ನಬೇಕು, ಗಾರ್ಡ್ ಆ ಪೆಟ್ಟನ್ನು ನೇರ ಚಾಸಿಗೆ ದಾಟಿಸುತ್ತದೆ, ಏರ್‌ಬ್ಯಾಗಿನ ಸೆನ್ಸರನ್ನೂ ಗೊಂದಲಕ್ಕೆ ಹಾಕುತ್ತದೆ. ನಾನು ಇದನ್ನೆಲ್ಲ ಹೇಳಿದೆ.

‘ಏನ್ ಆಗಂಗಿಲ್ಲ ಬಿಡೋ ತಮ್ಮಾ, ನಿಂಬಿಹಣ್ಣ ಕಟ್ಟೇವಲ್ಲ,’ ಅಂದರು ಕಾಕಾ.

ಲೋಕಾಪುರ ದಾಟುವಷ್ಟರಲ್ಲಿ ಕತ್ತಲಾಯಿತು. ಎದುರಿಗೆ ರಸ್ತೆಯೇ ಕಬ್ಬಾಗಿ ನಿಂತಂತೆ ಕಂಡಿತು: ಡಬಲ್ ಟ್ರೇಲರ್, ಹಿಂದೆ ಲೈಟಿಲ್ಲ, ರಿಫ್ಲೆಕ್ಟರಿಲ್ಲ, ಕಬ್ಬಿನ ತುದಿ ನಮ್ಮ ಗಾಜಿನ ಎತ್ತರಕ್ಕೇ ಚಾಚಿದೆ. ಇಂಥ ಜೇನುಗೂಡು ಯಾವ ಲ್ಯಾಬಿನಲ್ಲೂ ಇಲ್ಲ. ಕಾಕಾ ಬ್ರೇಕ್ ಒತ್ತಿದರು. ಕಾಕೂ ಡ್ಯಾಶ್‌ಬೋರ್ಡಿಗೆ ಕೈ ಕೊಟ್ಟರು, ಹಿಂದಿನವರೆಲ್ಲ ಮುಂದಿನವರ ಮೇಲೆ, ಬುತ್ತಿಯ ಕಡಬು ಎಲ್ಲರ ಮೇಲೆ. ಒಂದು ಗೇಣು ಅಂತರದಲ್ಲಿ ಕಾರು ನಿಂತಿತು.

‘ನೋಡಿದೇನ? ಐದು ಸ್ಟಾರ್!’ ಅಂದರು ಕಾಕಾ.

ಇಡೀ ಕಾರಿನಲ್ಲಿ ಜಾಗ ಬಿಟ್ಟು ಕದಲದೆ ಇದ್ದದ್ದು ಬಕಲ್‌ನಲ್ಲಿದ್ದ ಆ ಕ್ಲಿಪ್ ಒಂದೇ. ನಿಂಬೆಹಣ್ಣು ಕಿತ್ತು ಬಿದ್ದಿತ್ತು. ಗುಡ್ಡ ತಲುಪಿದ ತಕ್ಷಣ ಕಾಕಾ ಮೊದಲು ಹೊಸದು ಕೊಂಡು ಕಟ್ಟಿದರು.