ಕುಂದಾ ಕಳುವಿನ ಪ್ರಕರಣ

ಕಾನೂನು ಕಾಲೇಜಿನ ಹೊಸ ಹುಡುಗರಿಗೆ ಕಳ್ಳತನ ಕಲಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. 2024ರ ಜುಲೈ 1ರಿಂದ ಹಳೇ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತಲ್ಲ, ಕಳ್ಳತನ ಈಗ ಕಲಂ 303. ಬೆಳಗಾವಿಯ ನನ್ನ ಹಳೇ ವಕೀಲ ಗೆಳೆಯರ ಬಾಯಲ್ಲಿ ಮಾತ್ರ ಇನ್ನೂ ಹಳೇ 379.

ವ್ಯಾಖ್ಯೆ ಓದಿದರೆ ಕ್ಲಾಸು ನಿದ್ದೆ ಹೋಗುತ್ತದೆ. ನಾಯಿ ಬಂದಾಗ ಮಾತ್ರ ಏಳುತ್ತದೆ. ಒಬ್ಬಾತ ಜೇಬಿನಲ್ಲಿ ತಿನಿಸು ಇಟ್ಟುಕೊಂಡು ಬೇರೆಯವರ ನಾಯಿಯನ್ನು ಹಿಂದೆ ಬರಿಸಿಕೊಳ್ಳುತ್ತಾನೆ. ನಾಯಿಯನ್ನು ಲಪಟಾಯಿಸುವ ಉದ್ದೇಶ ಇದ್ದರೆ, ನಾಯಿ ಹೆಜ್ಜೆ ಎತ್ತಿದ ಕೂಡಲೇ ಕಳ್ಳತನ ಆಯಿತು. ಇದು ನಾನು ಕಟ್ಟಿದ ಕತೆಯಲ್ಲ, ಕಾನೂನಿನಲ್ಲೇ ಇರುವ ಉದಾಹರಣೆ. 1860ರ ದಂಡ ಸಂಹಿತೆಯಿಂದ ಆ ನಾಯಿ ಹೊಸದಕ್ಕೂ ಬಾಲ ಅಲ್ಲಾಡಿಸುತ್ತ ಬಂದಿದೆ.

ನಾಯಿ ತರೋಕಾಗಲ್ಲ ಅಂತ ಅರ್ಧ ಕಿಲೋ ಕುಂದಾ ಒಯ್ದೆ. ಡಬ್ಬಿ ಮೇಜಿನ ಮೇಲಿಟ್ಟು, ಕೊನೇ ಬೆಂಚಿನ ಹುಡುಗನಿಗೆ "ಬಾ, ಇದನ್ನ ಕದಿ" ಎಂದೆ. ಅವನು ಡಬ್ಬಿಯನ್ನು ಒಂದು ಗೇಣು ಸರಿಸಿದ. "ನೋಡಿ, ಸರಿಸಿದ್ದಷ್ಟೇ ಸಾಕು!" ಎಂದು ನಾನು ಬೋರ್ಡಿನ ಕಡೆ ತಿರುಗಿದೆ. ಕಳ್ಳತನಕ್ಕೆ ಏನೇನು ಬೇಕು ಅಂತ ಉದ್ದೇಶ, ಚರ ಸ್ವತ್ತು (ಎತ್ತಿ ಒಯ್ಯಬಹುದಾದ ವಸ್ತು), ಇನ್ನೊಬ್ಬರ ಸ್ವಾಧೀನ, ಅವರ ಸಮ್ಮತಿ ಇಲ್ಲದಿರುವುದು ಎಂದು ಬರೆದು ಈ ಕಡೆ ತಿರುಗುವಷ್ಟರಲ್ಲಿ ಡಬ್ಬಿ ಮೂರನೇ ಬೆಂಚು ದಾಟಿತ್ತು. ಪೆನ್ನಿನ ಕ್ಯಾಪೇ ಚಮಚ. ಒಳಗಿನ ಪ್ಲಾಸ್ಟಿಕ್ ಹಾಳೆಗೆ ಅಂಟಿದ್ದನ್ನೂ ಯಾರೋ ಉಗುರಿನಿಂದ ಕೆರೆಯುತ್ತಿದ್ದರು.

"ಇದು ಕಳ್ಳತನ!"

"ಹೆಂಗ್ರೀ ಸರ್? ಕದಿ ಅಂತ ನೀವ ಹೇಳೀರಿ. ಸಮ್ಮತಿ ಇತ್ತಲ್ರೀ."

ಸಮ್ಮತಿ ಸರಿಸೋಕೆ, ತಿನ್ನೋಕಲ್ಲ ಅಂತ ವಾದಿಸಿದೆ. ಮುಂದಿನ ಬೆಂಚಿನ ಹುಡುಗಿ ಅದೇ ಹೊಸ ಸಂಹಿತೆಯ ಕಲಂ 33 ತೆಗೆದಳು. ಸಾಮಾನ್ಯವಾಗಿ ಯಾರೂ ದೂರು ಹೇಳದಷ್ಟು ಸಣ್ಣ ಹಾನಿ ಅಪರಾಧವೇ ಅಲ್ಲವಂತೆ. ಅರ್ಧ ಕಿಲೋ ಕುಂದಾ ಸಣ್ಣ ಹಾನಿಯೇ? ಊರಿನ ಮರ್ಯಾದೆ ಪ್ರಶ್ನೆ ಅಲ್ವಾ!

ಅಷ್ಟರಲ್ಲಿ ಇನ್ನೊಬ್ಬ 303ರ ಕೆಳಗಿನ ಸಾಲು ಹಿಡಿದು ಎದ್ದ. ಮಾಲು ಐದು ಸಾವಿರ ರೂಪಾಯಿಗಿಂತ ಕಡಿಮೆ, ಮೊದಲ ಸಲದ ಅಪರಾಧಿ, ಮಾಲನ್ನೋ ಅದರ ಬೆಲೆಯನ್ನೋ ವಾಪಸ್ ಕೊಟ್ಟರೆ ಶಿಕ್ಷೆ ಸಮುದಾಯ ಸೇವೆ ಮಾತ್ರ. ಹಳೇ ಸಂಹಿತೆಯಲ್ಲಿ ಈ ಸೌಲಭ್ಯ ಇರಲಿಲ್ಲ. ಮಾಲು ವಾಪಸ್ ಬರುವ ಸ್ಥಿತಿಯಲ್ಲಿ ಇರಲಿಲ್ಲ, ಹಾಗಾಗಿ ಬೆಲೆ ಕೇಳಿದೆ.

"ಬಿಲ್ ತೋರಸ್ರಿ ಸರ್."

ಕುಂದಾಕ್ಕೆ ಯಾರಾದರೂ ಬಿಲ್ ಇಟ್ಟುಕೊಳ್ಳುತ್ತಾರಾ?

ಬೆಲೆ ಆಮೇಲೆ ನೋಡೋಣ, ಒಂದು ವಾರ ಬೋರ್ಡ್ ಒರೆಸಿ ಎಂದು ಶಿಕ್ಷೆ ಕೊಟ್ಟೆ. ಆ ಹುಡುಗಿ ಮತ್ತೆ ಎದ್ದಳು. ದೂರುದಾರರೂ ನೀವೇ, ನ್ಯಾಯಾಧೀಶರೂ ನೀವೇ ಆಗೋಕೆ ಬರಲ್ಲ ಎಂದಳು. ಹಿಂದಿನ ವಾರ ನಾನೇ ಹೇಳಿಕೊಟ್ಟಿದ್ದ ಸಹಜ ನ್ಯಾಯದ ಪಾಠ. ಕ್ಲಾಸಿಗೆ ಅದೊಂದು ಚೆನ್ನಾಗಿ ತಲೆಗೆ ಹೋಗಿತ್ತು.

ಸಂಬಂಧ ಇಲ್ಲದ ಒಬ್ಬರು ಬೇಕು ಎಂದಾಯಿತು. ವರಾಂಡದಲ್ಲಿದ್ದ ಪ್ಯೂನ್‌ ಅವರನ್ನು ಕರೆದು ಕುರ್ಚಿಯಲ್ಲಿ ಕೂರಿಸಿದರು. ಅವರು ಎರಡೂ ಕಡೆಯ ವಾದ ಗಂಭೀರವಾಗಿ ಕೇಳಿದರು. ಮೀಸೆಯ ತುದಿಯಲ್ಲಿ ಕುಂದಾ ಇತ್ತು.