ಬ್ರೇಕ್ ಹಿಡಿಯುತ್ತಿದೆ ಅಂತ ಬಿಟ್ಟುಬಿಡಬಹುದಾ?

ಕಳೆದ ದೀಪಾವಳಿಗೆ ಹುಬ್ಬಳ್ಳಿಗೆ ಬಂದಾಗ ಕಾಕಾನ ಜೊತೆ ಗೋಕುಲ ರೋಡಿನ ಒಂದು ಗ್ಯಾರೇಜಿಗೆ ಹೋಗಿದ್ದೆ. ಅವರ ಕಾರು ಸರ್ವಿಸಿಗೆ ಬಂದಿತ್ತು. ಬಾನೆಟ್ ತೆಗೆದರೆ ಬ್ರೇಕ್ ಆಯಿಲ್, ಅಂದರೆ ಪೆಡಲ್ ಒತ್ತಿದ ಬಲವನ್ನು ಚಕ್ರದ ತನಕ ಮುಟ್ಟಿಸುವ ದ್ರವ, ಪೂರ್ತಿ ಕಂದು ಬಣ್ಣಕ್ಕೆ ತಿರುಗಿತ್ತು. ಇದನ್ನು ಯಾವಾಗ ಬದಲಾಯಿಸಿದ್ದು ಅಂತ ಕೇಳಿದೆ. ಮೆಕ್ಯಾನಿಕ್ ನನ್ನ ಮುಖ ನೋಡಿ, "ಬ್ರೇಕ್ ಚಲೋ ಹಿಡಿತೈತಲ್ರಿ, ಮತ್ಯಾಕ ಚೇಂಜ್ ಮಾಡೂದು? ಕಡಿಮಿ ಆಗೈತಿ, ಒಂದೀಟ ಹಾಕಿ ಕೊಡ್ತೀನಿ" ಅಂದ. ಕಾಕಾ ನಕ್ಕು, "ತಮ್ಮಾ, ನಿನ್ನ ಜರ್ಮನಿ ಶಾಣ್ಯಾತನ ಇಲ್ಲಿ ಬ್ಯಾಡ" ಅಂದರು. ನಾಲ್ಕು ಜನರ ಮುಂದೆ ಅಂದದ್ದಕ್ಕೆ ಚುಚ್ಚಿತು. ಆದರೆ ಇದು ನನ್ನ ಶಾಣ್ಯಾತನದ ವಿಷಯವಲ್ಲ. ಆ ಕಾರಿನಲ್ಲಿ ಕಾಕೂ ಕೂರುತ್ತಾರೆ, ಅವರ ಮೊಮ್ಮಕ್ಕಳು ಕೂರುತ್ತಾರೆ.

ನಾನಿರುವುದು ಜರ್ಮನಿಯ ಕಲೋನ್‌ನಲ್ಲಿ. ಅಲ್ಲಿಂದ ಗಂಟೆ ಚಿಲ್ಲರೆ ದಾರಿಯಲ್ಲಿ ನ್ಯೂರ್ಬರ್ಗ್‌ರಿಂಗ್ ಇದೆ. 1927ರಲ್ಲಿ ಶುರುವಾದ ರೇಸ್ ಟ್ರ್ಯಾಕ್ ಅದು. ಅದರ ಉತ್ತರ ಭಾಗದ ಒಂದೇ ಸುತ್ತು 20.8 ಕಿ.ಮೀ., ಬೆಟ್ಟ ಹತ್ತಿ ಇಳಿಯುತ್ತದೆ. ನನ್ನ ಹತ್ತಿರ ಎರಡು ಸೀಟಿನ ಹಳೆಯ ಮಾಜ್ದಾ ಎಂಎಕ್ಸ್-5 ಇದೆ. ಬೇಸಿಗೆಯಲ್ಲಿ ಟ್ರ್ಯಾಕ್ ಡೇ, ಅಂದರೆ ನಮ್ಮಂಥವರಿಗೂ ಸ್ವಂತ ಕಾರನ್ನು ಟ್ರ್ಯಾಕಿನಲ್ಲಿ ಓಡಿಸಲು ಬಿಡುವ ದಿನ, ಸಿಕ್ಕಾಗ ಹೋಗಿ ಓಡಿಸಿ ಬರುತ್ತೇನೆ. ಓಡಿಸುವುದು ಒಂದು ದಿನದ ಖುಷಿ. ಒಂದು ಟ್ರ್ಯಾಕ್ ಡೇಯಿಂದ ಇನ್ನೊಂದರ ತನಕ ಬ್ರೇಕ್ ನೋಡಿಕೊಳ್ಳುವುದೇ ನಿಜವಾದ ಕೆಲಸ, ಅದನ್ನು ನನಗೆ ಕಲಿಸಿದ್ದು ಅಲ್ಲಿನ ಜನ.

ಸ್ವಲ್ಪ ಲೆಕ್ಕ ನೋಡಿ. 1,100 ಕಿಲೋ ತೂಗುವ ಕಾರು 180ರ ವೇಗದಿಂದ 80ಕ್ಕೆ ಇಳಿಯಬೇಕು. ಆ ಒಂದೇ ಸಲಕ್ಕೆ ಬ್ರೇಕಿನಲ್ಲಿ ಹುಟ್ಟುವ ಬಿಸಿಯಿಂದ ಸುಮಾರು ಮೂರು ಲೀಟರ್ ತಣ್ಣೀರು ಕುದಿಯುವ ಮಟ್ಟಕ್ಕೆ ಬರುತ್ತದೆ. ಟ್ರ್ಯಾಕಿನಲ್ಲಿ ತಿರುವಿನ ಮೇಲೆ ತಿರುವು ಬರುತ್ತಲೇ ಇರುತ್ತದೆ, ಚಕ್ರದ ಜೊತೆ ತಿರುಗುವ ಬ್ರೇಕಿನ ತಟ್ಟೆಗೆ, ಅಂದರೆ ಡಿಸ್ಕಿಗೆ, ಆರಲು ಪುರುಸೊತ್ತು ಎಲ್ಲಿ? ಆ ಬಿಸಿ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ದಾಟಿ, ಆ ಪ್ಯಾಡನ್ನು ಒತ್ತುವ ಕ್ಯಾಲಿಪರ್‌ಗೆ, ಅಲ್ಲಿಂದ ಆಯಿಲ್‌ಗೆ ಹೋಗುತ್ತದೆ. ಡಾಟ್ 4 ಅನ್ನುವ ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು ಅಂತ ನಿಯಮ. ಆದರೆ ಅದು ಗಾಳಿಯ ತೇವ ಹೀರಿಕೊಳ್ಳುತ್ತಾ ಹೋಗುತ್ತದೆ. ನೀರಿನ ಅಂಶ ಶೇ. 3.7ಕ್ಕೆ ಬಂದರೆ ನಿಯಮದ ಮಿತಿಯೇ 155 ಡಿಗ್ರಿಗೆ ಇಳಿಯುತ್ತದೆ. ಆಯಿಲ್ ಕುದ್ದರೆ ಪೈಪಿನಲ್ಲಿ ಆವಿ ಗುಳ್ಳೆ ಏಳುತ್ತದೆ. ಆವಿ ಒತ್ತಿದರೆ ಕುಗ್ಗುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಅದಕ್ಕೂ ಹಿಂದಿನ ತಿರುವಿನ ತನಕ ಬ್ರೇಕ್ ಚಲೋನೇ ಹಿಡಿದಿರುತ್ತದೆ ಅನ್ನುವುದೇ ಇಲ್ಲಿನ ಅಪಾಯ.

ಹಾಗಾಗಿ ಅಲ್ಲಿ ಯಾರೂ ಬ್ರೇಕ್ ಹೇಳುವ ತನಕ ಕಾಯುವುದಿಲ್ಲ. ಕೊನೆಯ ಸುತ್ತನ್ನು ಬ್ರೇಕ್ ಆದಷ್ಟು ಮುಟ್ಟದೆ ನಿಧಾನವಾಗಿ ಓಡಿಸಿ ಡಿಸ್ಕ್ ಆರಿಸುತ್ತಾರೆ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ. ಕಾದ ಡಿಸ್ಕಿಗೆ ಪ್ಯಾಡ್ ಅಂಟಿ ಕಲೆ ಉಳಿಯುತ್ತದೆ, ಆಮೇಲೆ ಬ್ರೇಕ್ ಒತ್ತಿದಾಗೆಲ್ಲ ಪೆಡಲ್ ನಡುಗುತ್ತದೆ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಟ್ಟಿಗೆ ತುಂಡು ಕೊಡುತ್ತಾರೆ.

ಕಲೋನ್‌ನಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಗ್ಯಾರೇಜುಗಳಿವೆ. ಲಿಫ್ಟ್, ಪಾನಾ ಎಲ್ಲ ಅವರದ್ದು, ಕೆಲಸ ನಮ್ಮದು. ಅಲ್ಲಿಗೆ ಬರುವ ಅಜ್ಜ ಒಬ್ಬರಿಂದ ನಾನು ಕಲಿತದ್ದು ಜಾಸ್ತಿ. ಅವರು ನಾಲ್ಕೂ ಚಕ್ರ ಬಿಚ್ಚಿ ಪ್ರತಿ ಪ್ಯಾಡಿನ ದಪ್ಪ ಅಳೆದು ಒಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ಒಳಗಿನ ಪ್ಯಾಡ್ ಹೊರಗಿನದಕ್ಕಿಂತ ಬೇಗ ಸವೆದಿದ್ದರೆ ಕ್ಯಾಲಿಪರ್ ಜಾರುವ ಪಿನ್ ಹಿಡಿದುಕೊಂಡಿದೆ ಅಂತ ಗೊತ್ತಾಗುತ್ತದೆ. ಪಿನ್ ತೆಗೆದು ಒರೆಸಿ, ಬ್ರೇಕಿಗೆ ಹಾಕುವ ಗ್ರೀಸ್ ಹಚ್ಚಬೇಕು. ಪ್ಯಾಡನ್ನು ತಳ್ಳುವ ಪಿಸ್ಟನ್ ಸುತ್ತಲಿನ ರಬ್ಬರ್ ಸುಟ್ಟಿದೆಯಾ ನೋಡಬೇಕು. ಡಿಸ್ಕಿನ ಮೇಲೆ ಎಳೆಯಂಥ ಗೆರೆಗಳಿದ್ದರೆ ನಿಗಾ ಇಡುತ್ತಾರೆ. ಬಿರುಕು ಅಂಚಿನ ತನಕ ಬಂದಿದ್ದರೆ ಡಿಸ್ಕ್ ತೆಗೆದೇ ಬಿಡುತ್ತಾರೆ, ದಪ್ಪ ಇನ್ನೂ ಇದೆ ಅಂತ ಲೆಕ್ಕ ಹಾಕುವುದಿಲ್ಲ. ಎಷ್ಟು ತನಕ ಸವೆಯಬಹುದು ಅನ್ನುವ ಅಂಕಿ ಡಿಸ್ಕಿನ ಮೇಲೆಯೇ ಕೊರೆದಿರುತ್ತದೆ. ಆಯಿಲಿನ ಹೊಸ ಬಾಟಲಿ ಒಡೆದು ಬ್ಲೀಡ್ ಮಾಡುತ್ತಾರೆ, ಅಂದರೆ ಪೈಪಿನೊಳಗಿನ ಹಳೆಯ ಆಯಿಲನ್ನೂ ಗಾಳಿಯನ್ನೂ ಹೊರಗೆ ಹಾಕುತ್ತಾರೆ. ಹೋದ ವರ್ಷ ತೆರೆದಿಟ್ಟ ಅರ್ಧ ಬಾಟಲಿ ಅಲ್ಲಿ ಯಾರಿಗೂ ಬೇಡ.

ಇದೆಲ್ಲ ಸ್ಪೋರ್ಟ್ಸ್ ಕಾರಿನವರ ಶೋಕಿ ಅನ್ನಬಹುದು. ಆದರೆ ಅಲ್ಲಿ ಮಾಮೂಲಿ ಕಾರೂ ಹೊಸದಾದರೆ ಮೂರು ವರ್ಷಕ್ಕೆ, ಆಮೇಲೆ ಎರಡು ವರ್ಷಕ್ಕೊಮ್ಮೆ ತಪಾಸಣೆಗೆ ಹೋಗಲೇಬೇಕು. ರೋಲರ್ ಮೇಲೆ ನಿಲ್ಲಿಸಿ ಎಡಕ್ಕೆಷ್ಟು ಬಲಕ್ಕೆಷ್ಟು ಹಿಡಿಯುತ್ತದೆ ಅಂತ ಅಳೆಯುತ್ತಾರೆ. ನಮ್ಮಲ್ಲಿ ಸ್ವಂತ ಕಾರಿಗೆ 15 ವರ್ಷ ಯಾರೂ ಕೇಳುವುದಿಲ್ಲ.

ಗ್ಯಾರೇಜಿನಲ್ಲಿ ಆ "ಒಂದೀಟ ಹಾಕಿ ಕೊಡ್ತೀನಿ" ಅನ್ನುವುದಿದೆಯಲ್ಲ, ನನಗೆ ಸಿಟ್ಟು ಬರುವುದು ಅಲ್ಲಿಯೇ. ಪ್ಯಾಡ್ ಸವೆದಂತೆ ಪಿಸ್ಟನ್ ಹೊರಗೆ ಬರುತ್ತದೆ, ಅದರ ಹಿಂದಿನ ಜಾಗಕ್ಕೆ ಆಯಿಲ್ ಹೋಗುತ್ತದೆ, ಮೇಲಿನ ಡಬ್ಬಿಯಲ್ಲಿ ಮಟ್ಟ ಇಳಿಯುತ್ತದೆ. ಇಲ್ಲವೇ ಎಲ್ಲೋ ಸೋರುತ್ತಿದೆ. ಎರಡರಲ್ಲಿ ಕಾರಣ ಯಾವುದಾದರೂ ಸರಿ, ಚಕ್ರ ಬಿಚ್ಚಿ ನೋಡಬೇಕು. ನೋಡದೆ ಮೇಲಿಂದ ತುಂಬಿದರೆ ಕಾರು ಕೊಟ್ಟ ಸೂಚನೆಯನ್ನೇ ಅಳಿಸಿದಂತೆ. ಧಾರವಾಡದ ಕಡೆ ತಿಂಗಳುಗಟ್ಟಲೆ ಹಿಡಿಯುವ ಜಿಟಿಜಿಟಿ ಮಳೆಯಲ್ಲಿ ಆಯಿಲ್ ತೇವ ಹೀರದೆ ಇರುತ್ತದಾ?

ನಮಗೆ ಟ್ರ್ಯಾಕ್ ಎಲ್ಲಿದೆ ಅಂತ ಕಾಕಾ ಕೇಳಿದರು. ಗೋಕರ್ಣಕ್ಕೆ ಹೋಗುವಾಗ ಕಲಘಟಗಿ, ಯಲ್ಲಾಪುರ ದಾಟಿದ ಮೇಲೆ ಅರಬೈಲ ಘಾಟ್ ಇದೆಯಲ್ಲ. ಕಾರಿನ ತುಂಬ ಮಂದಿ, ಡಿಕ್ಕಿ ತುಂಬ ಸಾಮಾನು, ಮುಂದೆ ಲಾರಿ, ಇಳಿಜಾರಿನುದ್ದಕ್ಕೂ ಬ್ರೇಕಿನ ಮೇಲೇ ಕಾಲು. ಖಂಡೇನವಮಿಗೆ ಅದೇ ಕಾರನ್ನು ತಿಕ್ಕಿ ತೊಳೆದು, ಹಾರ ಹಾಕಿ, ಚಕ್ರಕ್ಕೆ ನಿಂಬೆಹಣ್ಣು ಇಡುತ್ತೇವೆ. ಅಷ್ಟು ಪ್ರೀತಿ ಇದೆ ನಮಗೆ. ಆ ವಾರವೇ ಒಂದು ಚಕ್ರ ಬಿಚ್ಚಿಸಿ ಪ್ಯಾಡ್ ನೋಡಿಸಬಾರದಾ ಅಂತ ಕೇಳುತ್ತಿದ್ದೇನೆ, ಅಷ್ಟೇ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸುವುದು ದುಬಾರಿಯೂ ಅಲ್ಲ.

ಒಂದು ಮಾತು ಒಪ್ಪಲೇಬೇಕು. ದುರ್ಗದಬೈಲ್, ಕೊಪ್ಪೀಕರ ರೋಡಿನ ಗದ್ದಲದಲ್ಲಿ ದಿನಾ ತೆವಳುವ ಕಾರಿನ ಆಯಿಲ್ ಕುದಿಯುವುದಿಲ್ಲ, ಮೆಕ್ಯಾನಿಕ್ ಹೇಳಿದ್ದು ಅಷ್ಟರ ಮಟ್ಟಿಗೆ ಸರಿ. ಕೈಕೆಲಸದಲ್ಲೂ ನಮ್ಮವರೇ ಮೇಲು. ಅದೇ ಗ್ಯಾರೇಜಿನಲ್ಲಿ ಒಬ್ಬ ಹುಡುಗ ಜಾಮ್ ಆದ ಕ್ಯಾಲಿಪರ್ ಬಿಚ್ಚಿ, ಪಿಸ್ಟನ್ ತೊಳೆದು, ಹೊಸ ಸೀಲ್ ಕಿಟ್ ಹಾಕಿ ಚಹಾ ಬರುವಷ್ಟರಲ್ಲಿ ಕೂರಿಸಿದ. ಕಲೋನ್‌ನಲ್ಲಿ ನಾನು ಕೇಳಿದ ಕಡೆಯೆಲ್ಲ ಇಡೀ ಕ್ಯಾಲಿಪರ್ ಹೊಸದು ಹಾಕಿಸಿ ಅಂದಿದ್ದರು.

ಇನ್ನು ನಮ್ಮ ಲಾರಿ ಡ್ರೈವರ್‌ಗಳು. ಅರಬೈಲ ಇಳಿಯುವ ಮೊದಲೇ ಸಣ್ಣ ಗೇರ್ ಹಾಕಿ, ಎಂಜಿನ್ ಮೇಲೆ ಗಾಡಿ ತಡೆದು, ಬ್ರೇಕನ್ನು ಬೇಕಾದಾಗಷ್ಟೇ ಮುಟ್ಟುತ್ತಾ ಇಳಿಯುತ್ತಾರೆ. ಅವರದ್ದು ಏರ್ ಬ್ರೇಕ್, ಕುದಿಯಲು ಆಯಿಲ್ ಇಲ್ಲ, ಆದರೆ ಚಕ್ರದ ಡ್ರಮ್ ಕಾದರೆ ಅದಕ್ಕೆ ಉಜ್ಜುವ ಲೈನಿಂಗ್ ಹಿಡಿಯುವುದಿಲ್ಲ ಅನ್ನುವುದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನ್ಯೂರ್ಬರ್ಗ್‌ರಿಂಗ್‌ಗೆ ಹೊಸದಾಗಿ ಬಂದು ಹೊಗೆಯಾಡುವ ಬ್ರೇಕಿನ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯುವವರನ್ನು ನಾನು ನೋಡಿದ್ದೇನೆ. ಅವರಿಗಿಂತ ನಮ್ಮ ಲಾರಿಯವರಿಗೆ ಜಾಸ್ತಿ ಗೊತ್ತು. ಅದೇ ಘಾಟಿನಲ್ಲಿ ಅವರ ಹಿಂದೆ ಬರುವ ಕಾರಿನವರಿಗೆ ಗೊತ್ತಿಲ್ಲ ಅನ್ನುವುದೇ ನನ್ನ ತಕರಾರು.